ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಒಂದೇ ಅವಕಾಶ ಉಳಿದಿದೆ, ಹೊರದೇಶದ ಡಿಸ್ಕ್‌ಗಳನ್ನು ಏನು ಮಾಡಲಿ?

ತೋಟದಮನೆ (ಪೊನ್ನಂಪೇಟೆ):

ಮನೆಯ ಕಪಾಟಿನಲ್ಲಿ ಅರವತ್ತು ಚಿಲ್ಲರೆ ಡಿಸ್ಕ್‌ಗಳಿವೆ. ಹುತ್ತರಿಗೆ ಎಲ್ಲರೂ ಸೇರುವ ಹೊತ್ತಿಗೆ ಇವು ಓಡುವಂತಾಗಬೇಕು. ಮನೆಯವರ ಮದುವೆ, ನಾಮಕರಣದ ಡಿಸ್ಕ್‌ಗಳು ಹಾರ್ಡ್ ಡಿಸ್ಕ್‌ಗೂ ಇಳಿಯಬೇಕು. ತೊಡಕುಗಳನ್ನು ಒಟ್ಟಿಗೇ ಬರೆಯುತ್ತೇನೆ.

ಅಮೆರಿಕದಲ್ಲಿ ಕೊಂಡ 11 ಡಿವಿಡಿಗಳ ಹಿಂಬದಿಯಲ್ಲಿ ಭೂಗೋಳದ ಗುರುತಿನೊಳಗೆ 1 ಎಂದಿದೆ, ಅಂದರೆ ರೀಜನ್ (ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕೆಂದು ಹಾಕಿದ ಪ್ರದೇಶದ ಸಂಖ್ಯೆ) 1. ಇಲ್ಲಿ ಕೊಂಡ ಪ್ಲೇಯರ್‌ಗೆ ಹಾಕಿದರೆ ರೀಜನ್ ಸರಿಯಿಲ್ಲ ಅನ್ನುವ ಸಾಲು ಬಂದು ನಿಂತುಬಿಡುತ್ತದೆ. ಲ್ಯಾಪ್‌ಟಾಪ್ ಡ್ರೈವ್ ಈಗ 5ರಲ್ಲಿದೆ, ಇನ್ನು ಬದಲಿಸಲು ಉಳಿದಿರುವುದು ಒಂದೇ ಸಲ ಎಂದು ವಿಂಡೋಸ್ ತೋರಿಸುತ್ತಿದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಎಂಬ ವಿಡಿಯೊ ಸಾಫ್ಟ್‌ವೇರ್‌ನಿಂದ ನೋಡಿದರೆ ಕೆಲವು ಡಿಸ್ಕ್‌ಗಳ ಮೆನು ಚೊಕ್ಕಟವಾಗಿ ಬರುತ್ತದೆ, ಸಿನಿಮಾ ಶುರುವಾದ ಕೂಡಲೇ ಹಸಿರು-ಗುಲಾಬಿ ಚೌಕಗಳು ತುಂಬಿಕೊಳ್ಳುತ್ತವೆ.

ಬ್ರಿಟನ್ನಿನಿಂದ ಬಂದ ಎರಡು ಬ್ಲೂ-ರೇಗಳ ಮೇಲೆ ಬಿ ಅಕ್ಷರವಿದೆ. ಇವು ಪೂರ್ತಿ ಓಡುವುದಿಲ್ಲ.

ಮಹಡಿಯ ಹಳೇ ಟಿವಿಗೆ ಆಂಟೆನಾ ತೂತು ಬಿಟ್ಟರೆ ಬೇರೆ ಇನ್‌ಪುಟ್ ಇಲ್ಲ. ಹಾಗಾಗಿ ಡಿವಿಡಿ ಪ್ಲೇಯರ್‌ನಿಂದ ವಿಸಿಆರ್‌ಗೆ (ವಿಡಿಯೊ ಕ್ಯಾಸೆಟ್ ಯಂತ್ರ), ಅಲ್ಲಿಂದ ಟಿವಿಗೆ ತಂತಿ ಹಾಕಿದೆ. ಕೆಲವು ಡಿಸ್ಕ್‌ಗಳಲ್ಲಿ ಚಿತ್ರ ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ಕತ್ತಲಾಗಿ ಮತ್ತೆ ಬೆಳಗುತ್ತದೆ. ಮದುವೆ ಡಿಸ್ಕ್‌ಗಳಲ್ಲಿ ಈ ತೊಂದರೆ ಇಲ್ಲ.

ಹ್ಯಾಂಡಿಕ್ಯಾಮ್‌ನ 8 ಸೆಂ.ಮೀ. ಚಿಕ್ಕ ಡಿಸ್ಕ್ ನಾಲ್ಕಿವೆ. ಕಂಪ್ಯೂಟರ್ ಅವನ್ನು ಖಾಲಿ ಎನ್ನುತ್ತದೆ, ಕ್ಯಾಮೆರಾದಲ್ಲಿ ಮಾತ್ರ ಓಡುತ್ತವೆ. ಕ್ಯಾಮೆರಾ ಇನ್ನೂ ಕೆಲಸ ಮಾಡುತ್ತಿದೆ. ಒಂದಷ್ಟು ಡಿಸ್ಕ್‌ಗಳ ಮೇಲೆ ಕಕ್ಕಡ ಮಳೆಯ ಬೂಷ್ಟು ಬೇರೆ.

ಮುಖ್ಯ ಪ್ರಶ್ನೆ: ಉಳಿದಿರುವ ಆ ಒಂದು ಬದಲಾವಣೆಯನ್ನು ಈಗ ಬಳಸಿ 1ಕ್ಕೆ ಹಾಕಿಬಿಡಲೇ?

ಸಿಗ್ನಲ್_ಮಡಿಕೇರಿ:

ಬೇಡ. ಆ ಕೊನೆಯದನ್ನು ಮುಟ್ಟಬೇಡಿ. ಬಳಸಿದ ಕ್ಷಣದಿಂದ ಡ್ರೈವ್ 1ರಲ್ಲೇ ಬೀಗ ಬಿದ್ದು ಕೂರುತ್ತದೆ, ಆಮೇಲೆ ಇಲ್ಲಿನ 5ರ ಡಿಸ್ಕ್‌ಗಳು ತೊಂದರೆ ಕೊಡತೊಡಗುತ್ತವೆ. ವಿಂಡೋಸ್ ಹೊಸದಾಗಿ ಹಾಕಿದರೂ, ಡ್ರೈವ್ ಕಳಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿದರೂ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ, ಯಾಕೆಂದರೆ ಅದು ಕೂತಿರುವುದು ಡ್ರೈವ್‌ನ ಸ್ವಂತ ಚಿಪ್‌ನಲ್ಲಿ. 2000ದ ಜನವರಿಯಿಂದೀಚೆಗೆ ಬಂದ ಡ್ರೈವ್‌ಗಳಿಗೆಲ್ಲ ಆರ್‌ಪಿಸಿ-2 ಎಂಬ ಈ ಕಟ್ಟಲೆ ಇದೆ: ಬಳಸುವವರಿಗೆ ಐದು ಬದಲಾವಣೆ, ಅಷ್ಟೇ.

ಡಿವಿಡಿ ರೀಜನ್ ಹಂಚಿಕೆ ಹೀಗಿದೆ: ಅಮೆರಿಕ, ಕೆನಡಾ 1. ಯುರೋಪ್, ಜಪಾನ್, ಮಧ್ಯಪ್ರಾಚ್ಯ, ದಕ್ಷಿಣ ಆಫ್ರಿಕಾ 2. ಆಗ್ನೇಯ ಏಷ್ಯಾ, ದಕ್ಷಿಣ ಕೊರಿಯಾ 3. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಲ್ಯಾಟಿನ್ ಅಮೆರಿಕ 4. ಭಾರತ, ರಷ್ಯಾ, ಆಫ್ರಿಕಾದ ಬಹುಪಾಲು 5. ಚೀನಾ 6. ದುಬೈಯಿಂದ ನೆಂಟರು ತಂದ ಡಿಸ್ಕ್ ಇಲ್ಲಿ ಓಡದಿದ್ದರೆ ಕಾರಣ ಇದೇ, ಅದು 2, ನಮ್ಮದು 5. ಡಿಸ್ಕ್‌ನಲ್ಲಿ ಇದಕ್ಕಿರುವುದು ಬರೀ ಎಂಟು ಬಿಟ್, ಒಂದೊಂದು ರೀಜನ್‌ಗೆ ಒಂದೊಂದು. ನಮ್ಮ ಕಡೆ ಮಾರಾಟವಾದ ಎಷ್ಟೋ ಕನ್ನಡ ಡಿಸ್ಕ್‌ಗಳಲ್ಲಿ ಯಾವ ರೀಜನ್‌ಗೂ ತಡೆ ಹಾಕಿಲ್ಲ. ಕವರ್ ಮೇಲೆ 0 ಅಥವಾ ‘ಆಲ್’ ಎಂದಿರುವುದು ಅಂಥವು.

ಈಗ ನಿಮ್ಮ ಹಸಿರು-ಗುಲಾಬಿ ಚೌಕ. ಇಲ್ಲಿ ರೀಜನ್ ಒಂದೇ ಅಲ್ಲ, ಅದರ ಜತೆಗೆ ಸಿಎಸ್‌ಎಸ್ ಎಂಬ ಗೂಢಲಿಪಿಯೂ ಸೇರಿಕೊಂಡಿದೆ. ಡಿಸ್ಕ್‌ನ ಒಳ ಅಂಚಿನಲ್ಲಿ, ಸಾಮಾನ್ಯ ಫೈಲ್‌ಗಳಿಗೆ ನಿಲುಕದ ಜಾಗದಲ್ಲಿ ಡಿಸ್ಕ್‌ನ ಕೀ (ಗೂಢಲಿಪಿ ಬಿಡಿಸುವ ಸಂಖ್ಯೆ) ಇರುತ್ತದೆ. ಸಿನಿಮಾದ ಕೀ ಪ್ರತಿ ಸೆಕ್ಟರ್‌ನ (ಡೇಟಾ ಇಡುವ ಚಿಕ್ಕ ತುಂಡು) ತಲೆಭಾಗದಲ್ಲಿ. ಎರಡನ್ನೂ ಡ್ರೈವ್ ತಾನೇ ಓದಿ ಸಾಫ್ಟ್‌ವೇರ್‌ಗೆ ಕೊಡಬೇಕು. ಡ್ರೈವ್‌ನ ರೀಜನ್ ಹೊಂದದಿದ್ದರೆ ಅದು ಸಿನಿಮಾದ ಕೀ ಕೊಡಲು ಒಪ್ಪುವುದಿಲ್ಲ. ಮೆನುವಿಗೆ ಎಷ್ಟೋ ಸಲ ಗೂಢಲಿಪಿ ಹಾಕಿರುವುದೇ ಇಲ್ಲ, ಅದಕ್ಕೇ ಮೆನು ಚೊಕ್ಕಟ, ಸಿನಿಮಾ ಚಿಂದಿ. ಕೀ 40 ಬಿಟ್‌ನದ್ದು ಮಾತ್ರ, 1999ರಲ್ಲೇ ಬಯಲಾಯಿತು. ವಿಎಲ್‌ಸಿ ಜತೆ ಬರುವ ಲೈಬ್ರರಿ ಡ್ರೈವ್ ಕೊಡದ ಕೀಯನ್ನು ಲೆಕ್ಕ ಹಾಕಿ ಹುಡುಕುವ ಪ್ರಯತ್ನವನ್ನೂ ಮಾಡುತ್ತದೆ, ಆದ್ದರಿಂದಲೇ ನಿಮ್ಮಲ್ಲಿ ಕೆಲವು ಡಿಸ್ಕ್ ಓಡುತ್ತವೆ, ಕೆಲವು ಓಡುವುದಿಲ್ಲ. ರೀಜನ್ ಹೊಂದದಿದ್ದಾಗ ಗೂಢಲಿಪಿಯ ಸೆಕ್ಟರ್‌ಗಳನ್ನು ಓದಲೂ ಬಿಡದ ಲ್ಯಾಪ್‌ಟಾಪ್ ಡ್ರೈವ್‌ಗಳಿವೆ. ಅಂಥದ್ದಾದರೆ ಯಾವ ಸಾಫ್ಟ್‌ವೇರ್ ತಂದರೂ ಅಷ್ಟೇ.

ನನ್ನ ಸಲಹೆ: ಇನ್ನೊಂದು ಯುಎಸ್‌ಬಿ ಡಿವಿಡಿ ಡ್ರೈವ್ ಕೊಳ್ಳಿ, ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಅಮೆರಿಕದ ಒಂದು ಡಿಸ್ಕ್ ಒಳಗಿಟ್ಟು, ಡಿವೈಸ್ ಮ್ಯಾನೇಜರ್ ತೆರೆದು, ಡಿವಿಡಿ ಡ್ರೈವ್‌ನ ಹೆಸರಿನ ಮೇಲೆ ಎರಡು ಸಲ ಒತ್ತಿ, ಡಿವಿಡಿ ರೀಜನ್ ಪುಟದಲ್ಲಿ ಅಮೆರಿಕ ಆರಿಸಿ. ಲಿನಕ್ಸ್ ಆದರೆ ರೀಜನ್‌ಸೆಟ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಡ್ರೈವ್ ಮೇಲೆ ಶಾಶ್ವತ ಮಾರ್ಕರ್‌ನಲ್ಲಿ 1 ಎಂದು ಬರೆದಿಡಿ, ಮತ್ತೆಂದೂ ಬದಲಿಸಬೇಡಿ. ಕೊಳ್ಳುವಾಗ ಯುಎಸ್‌ಬಿ ತಂತಿ ನೋಡಿ: ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ಡ್ರೈವ್ 1 ಆಂಪಿಯರ್ ಮೀರಿ ಎಳೆಯಬಹುದು, ಹಳೇ ಯುಎಸ್‌ಬಿ 2 ಪೋರ್ಟ್‌ನ ಲೆಕ್ಕ 500 ಮಿಲಿ ಆಂಪಿಯರ್. ಡ್ರೈವ್ ಟಿಕ್ ಟಿಕ್ ಎಂದು ನಿಂತು ನಿಂತು ಶುರುವಾದರೆ ಡಿಸ್ಕ್ ಕೆಟ್ಟಿದೆ ಅಂದುಕೊಳ್ಳಬೇಡಿ, ಎರಡು ತಲೆಯ ತಂತಿ ಹಾಕಿ ನೋಡಿ.

ಬೆಸುಗೆ_ಕುಶಾಲನಗರ:

ಮಹಡಿ ಟಿವಿಯ ಬೆಳಕು-ಕತ್ತಲೆಗೆ ಟಿವಿ ಕಾರಣವಲ್ಲ, ಪ್ಲೇಯರ್ ಕೂಡ ಅಲ್ಲ. ಅದು ಮ್ಯಾಕ್ರೊವಿಷನ್, ಕ್ಯಾಸೆಟ್‌ಗೆ ಪ್ರತಿ ಮಾಡುವುದನ್ನು ತಡೆಯುವ ತಂತ್ರ. ಡಿಸ್ಕ್‌ನಲ್ಲಿ ಒಂದು ಗುರುತು ಇರುತ್ತದೆ, ಅದನ್ನು ನೋಡಿದ ಪ್ಲೇಯರ್ ತನ್ನ ಎವಿ ಔಟ್‌ಪುಟ್‌ನಲ್ಲಿ, ಪರದೆಯ ಮೇಲೆ ಕಾಣದ ಮೇಲ್ಗೆರೆಗಳೊಳಗೆ ಸುಳ್ಳು ಮಿಡಿತಗಳನ್ನು ಸೇರಿಸುತ್ತದೆ. ಒಳಗೆ ಬರುವ ಸಿಗ್ನಲ್ ಎಷ್ಟು ಜೋರಿದೆ ಎಂದು ಅಳೆದು ಸರಿಹೊಂದಿಸುವ ಸರ್ಕ್ಯೂಟ್ ವಿಸಿಆರ್‌ನಲ್ಲಿದೆ. ಸುಳ್ಳು ಮಿಡಿತ ನೋಡಿ ಅದು ಸಿಗ್ನಲ್ ಜಾಸ್ತಿಯಾಯಿತೆಂದು ತಗ್ಗಿಸುತ್ತದೆ, ಚಿತ್ರ ಕತ್ತಲಾಗುತ್ತದೆ. ಮಿಡಿತದ ಎತ್ತರ ಬದಲಾದಾಗ ಮತ್ತೆ ಏರಿಸುತ್ತದೆ. ನೇರ ಟಿವಿಗೆ ಕೊಟ್ಟರೆ ಆ ಗೆರೆಗಳನ್ನು ಟಿವಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೀವು ರೆಕಾರ್ಡ್ ಮಾಡದಿದ್ದರೂ ಆ ಸರ್ಕ್ಯೂಟ್ ದಾರಿಯಲ್ಲೇ ಕೂತಿರುವುದರಿಂದ ಈ ಫಜೀತಿ. ಮದುವೆ ಡಿಸ್ಕ್‌ನಲ್ಲಿ ಆ ಗುರುತು ಇಲ್ಲ, ಹಾಗಾಗಿ ಚೆನ್ನಾಗಿ ಬರುತ್ತದೆ.

ವಿಸಿಆರ್ ಅನ್ನು ದಾರಿಯಿಂದ ತೆಗೆದು ಒಂದು ಆರ್‌ಎಫ್ ಮಾಡ್ಯುಲೇಟರ್ (ಎವಿ ಸಿಗ್ನಲನ್ನು ಆಂಟೆನಾ ಸಿಗ್ನಲ್ ಮಾಡುವ ಡಬ್ಬಿ) ಹಾಕಿ. ಹಳದಿ-ಬಿಳಿ-ಕೆಂಪು ಒಳಗೆ, ಆಂಟೆನಾ ತಂತಿ ಹೊರಗೆ. ಕೊಳ್ಳುವಾಗ ಹಿಂದಿರುವ ಚಿಕ್ಕ ಸ್ವಿಚ್ ನೋಡಿ: ಭಾರತದ ಟಿವಿ ಪಾಲ್ ಬಿ/ಜಿ ಎಂಬ ಪ್ರಸಾರ ಪದ್ಧತಿಯದ್ದು, ಧ್ವನಿ ಚಿತ್ರದಿಂದ 5.5 ಮೆಗಾಹರ್ಟ್ಸ್ ದೂರದಲ್ಲಿ. ಸ್ವಿಚ್ ಐ ಅಥವಾ ಡಿ/ಕೆ ಕಡೆ ಇದ್ದರೆ ಚಿತ್ರ ಬರುತ್ತದೆ, ಧ್ವನಿಯ ಜಾಗದಲ್ಲಿ ಬರೀ ಉಸ್ಸೆನ್ನುವ ಸದ್ದು. ಮಾಡ್ಯುಲೇಟರ್ ಕೆಟ್ಟಿದೆ ಎಂದು ವಾಪಸು ಕೊಡುವವರಲ್ಲಿ ಹಲವರದ್ದು ಈ ಸ್ವಿಚ್ ತಪ್ಪೇ.

ಅಮೆರಿಕದ ಡಿಸ್ಕ್‌ಗೆ ಇನ್ನೊಂದು ವಿಷಯ ಇದೆ. ರೀಜನ್ ದಾಟಿದರೂ ಅದು ಎನ್‌ಟಿಎಸ್‌ಸಿ ಎಂಬ ಅಲ್ಲಿನ ಟಿವಿ ಪದ್ಧತಿಯದ್ದು: 480 ಗೆರೆ, ಸೆಕೆಂಡಿಗೆ 29.97 ಫ್ರೇಮ್. ನಮ್ಮದು ಪಾಲ್, 576 ಗೆರೆ, 25 ಫ್ರೇಮ್. ಹೊಸ ಎಲ್‌ಇಡಿ ಟಿವಿ ಎರಡನ್ನೂ ನುಂಗುತ್ತದೆ. ಮಹಡಿಯ ಹಳೇ ಟಿವಿಯಲ್ಲಿ ಚಿತ್ರ ಕಪ್ಪು-ಬಿಳುಪಾಗುತ್ತದೆ ಅಥವಾ ಮೇಲಿಂದ ಕೆಳಕ್ಕೆ ಉರುಳುತ್ತದೆ. ಪ್ಲೇಯರ್‌ನ ಸೆಟಪ್‌ನಲ್ಲಿ ಟಿವಿ ಟೈಪ್ ‘ಆಟೊ’ ಅಥವಾ ‘ಮಲ್ಟಿ’ ಇದ್ದರೆ ‘ಪಾಲ್’ ಮಾಡಿ, ಆಗ ಪ್ಲೇಯರ್ ತಾನೇ ಬದಲಿಸಿ ಕಳುಹಿಸುತ್ತದೆ. ಭಾರತೀಯ ಸಿನಿಮಾಗಳ ಹಲವು ಡಿವಿಡಿಗಳೂ ಎನ್‌ಟಿಎಸ್‌ಸಿಯಲ್ಲೇ ಅಚ್ಚಾಗಿವೆ, ಹಾಗಾಗಿ ಇದು ಹೊರದೇಶದ ಡಿಸ್ಕ್‌ನ ರೋಗ ಮಾತ್ರ ಎಂದು ತಿಳಿಯಬೇಡಿ.

ಇನ್ನು ಕೆಳಮನೆಯ ಪ್ಲೇಯರ್. ಟಿವಿಗೆ ಜೋಡಿಸುವ ಹೆಚ್ಚಿನ ಡಿವಿಡಿ ಪ್ಲೇಯರ್‌ಗಳಲ್ಲಿ ರೀಜನ್‌ಗೆ ಐದು ಸಲದ ಲೆಕ್ಕವಿಲ್ಲ. ಟ್ರೇ ತೆರೆದು, ಸೆಟಪ್ ಒತ್ತಿ, ರಿಮೋಟ್‌ನಲ್ಲಿ ಕೆಲವು ಅಂಕಿ ಒತ್ತಿದರೆ ಅಡಗಿದ ಪುಟವೊಂದು ಬರುತ್ತದೆ. ಅಂಕಿಗಳು ಮಾಡೆಲ್‌ಗೆ ತಕ್ಕಂತೆ ಬೇರೆ. ಹಿಂಬದಿಯ ಚೀಟಿಯಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆ ಹಿಡಿದು ಹುಡುಕಿ, ಮುಂಭಾಗದಲ್ಲಿ ಅಚ್ಚಾದ ಹೆಸರು ಸಾಲದು. ಅದರಲ್ಲಿ 0 ಮಾಡಿಬಿಟ್ಟರೆ ಎಲ್ಲ ಓಡುತ್ತವೆ.

ಕರಿಮೆಣಸು:

ಚಿಕ್ಕ ಡಿಸ್ಕ್‌ಗಳಿಗೆ ಬೀಗ ಯಾವುದೂ ಇಲ್ಲ. ಅವು ಫೈನಲೈಸ್ ಆಗಿಲ್ಲ, ಅಷ್ಟೇ. ರೆಕಾರ್ಡ್ ಮಾಡಿದ ಯಂತ್ರ ಕೊನೆಯಲ್ಲಿ ಪರಿವಿಡಿ ಬರೆದು ಮುಚ್ಚಬೇಕು. ಮುಚ್ಚದಿದ್ದರೆ ಬೇರೆ ಯಂತ್ರಗಳಿಗೆ ಡಿಸ್ಕ್ ಖಾಲಿಯಂತೆ ಕಾಣುತ್ತದೆ. ಅದೇ ಕ್ಯಾಮೆರಾದಲ್ಲಿ ಹಾಕಿ ಫೈನಲೈಸ್ ಕೊಡಿ, ಬ್ಯಾಟರಿ ನಂಬಬೇಡಿ, ಅಡಾಪ್ಟರ್ ಹಾಕಿ, ಅದೂ ಯುಪಿಎಸ್ ಮೂಲಕ. ಮಧ್ಯದಲ್ಲಿ ಕರೆಂಟ್ ಹೋದರೆ ಅರೆಬರೆ ಪರಿವಿಡಿ ಉಳಿದು, ಆಮೇಲೆ ಕ್ಯಾಮೆರಾ ಕೂಡ ಅದನ್ನು ಗುರುತಿಸದೆ ಹೋಗಬಹುದು. ಕೆಲಸ ಶುರು ಮಾಡುವ ಮೊದಲು ಕ್ಯಾಮೆರಾದ ಎವಿ ತಂತಿಯಿಂದ ಒಂದು ಪ್ರತಿ ರೆಕಾರ್ಡ್ ಮಾಡಿಕೊಳ್ಳುವುದು ಇನ್ನೂ ಕ್ಷೇಮ. ಕ್ಯಾಮೆರಾ ಸತ್ತವರಿಗೆ: ಐಸೊಬಸ್ಟರ್‌ನಂಥ ಸಾಫ್ಟ್‌ವೇರ್ ಮುಚ್ಚದ ಡಿಸ್ಕ್‌ನ ಸೆಕ್ಟರ್‌ಗಳನ್ನು ನೇರ ಓದಿ ಹೊರತೆಗೆಯಬಲ್ಲದು. ಚಿಕ್ಕ ಡಿಸ್ಕ್‌ಗೆ ಟ್ರೇ ಇರುವ ಡ್ರೈವ್ ಬಳಸಿ, ಸೀಳಿನೊಳಗೆ ತಳ್ಳುವ ಡ್ರೈವ್‌ಗೆ ಹಾಕಿದರೆ ಸಿಕ್ಕಿಕೊಳ್ಳುತ್ತದೆ.

ಮದುವೆ ಡಿವಿಡಿಗಳಲ್ಲಿ ಗೂಢಲಿಪಿ ಇರುವುದಿಲ್ಲ. ಖಾಲಿ ಡಿವಿಡಿ-ಆರ್‌ನಲ್ಲಿ ಕೀ ಇಡುವ ಜಾಗವನ್ನು ಬರೆಯಲಾಗದಂತೆ ಮಾಡಿಯೇ ಮಾರುತ್ತಾರೆ, ಅಂಗಡಿಯವರು ಬೇಕೆಂದರೂ ಸಿಎಸ್‌ಎಸ್ ಹಾಕಲಾರರು. ಆದ್ದರಿಂದ ನೇರ ಪ್ರತಿ ಮಾಡಿ. ಫೈಲ್ ಎಳೆದು ಹಾಕುವುದಕ್ಕಿಂತ ಇಡೀ ಡಿಸ್ಕ್‌ನ ಐಎಸ್‌ಒ (ಡಿಸ್ಕ್ ಇದ್ದಂತೆಯೇ ಒಂದೇ ಫೈಲ್) ಮಾಡುವುದು ಒಳ್ಳೆಯದು. ಕೆಟ್ಟ ಡಿಸ್ಕ್ ಓದಿಸುವ ಡಿಡಿರೆಸ್ಕ್ಯೂ ಪ್ರೋಗ್ರಾಂ ಬಳಸಿದರೆ ಸೆಕ್ಟರ್ ಅಳತೆ 2048 ಕೊಟ್ಟು, ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಲು ಹೇಳಿ. ಎರಡನೇ ಸುತ್ತಿನಲ್ಲಿ ಬಿಟ್ಟ ಜಾಗಗಳನ್ನು ಮಾತ್ರ ಮೂರು ಸಲ ಪ್ರಯತ್ನಿಸಲು ಹೇಳಿ. ಯಾವ ಜಾಗ ಓದಿ ಆಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಮಾಡಿಸುವುದನ್ನು ಮರೆಯಬೇಡಿ. ಅದು ಇದ್ದರೆ ನಡುವೆ ನಿಲ್ಲಿಸಿ ನಾಳೆ ಮುಂದುವರಿಸಬಹುದು, ಅದೇ ಡಿಸ್ಕ್ ಅನ್ನು ಬೇರೆ ಡ್ರೈವ್‌ಗೆ ಹಾಕಿ ಉಳಿದದ್ದನ್ನು ಮಾತ್ರ ಓದಿಸಬಹುದು. ಒಂದು ಡ್ರೈವ್ ಓದದ ಸೆಕ್ಟರನ್ನು ಇನ್ನೊಂದು ಓದುವುದು ಅಪರೂಪವೇನಲ್ಲ.

ಅರವತ್ತರಲ್ಲಿ ವಿಸಿಡಿಗಳೂ ಇದ್ದಾವು. ವಿಸಿಡಿಗೆ ರೀಜನ್ ಇಲ್ಲ, ಕಾಪಿ ತಡೆಯೂ ಇಲ್ಲ, ಆದರೂ ಎಂಪೆಗ್‌ಎವಿ ಫೋಲ್ಡರ್‌ನ ಡ್ಯಾಟ್ ಫೈಲ್ ಎಳೆದರೆ ಎಷ್ಟೋ ಸಲ ನಡುವೆ ದೋಷ ಬರುತ್ತದೆ. ಅದನ್ನೇ ಜನ ಕಾಪಿ ಲಾಕ್ ಅಂದುಕೊಳ್ಳುತ್ತಾರೆ. ವಿಷಯ ಬೇರೆ: ಮಾಮೂಲಿ ಡೇಟಾ ಸೆಕ್ಟರ್‌ನಲ್ಲಿ 2048 ಬೈಟ್ ಸರಕು, ಉಳಿದದ್ದರಲ್ಲಿ ತಪ್ಪು ತಿದ್ದುವ ಸಂಕೇತ. ವಿಸಿಡಿಯಲ್ಲಿ ಆ ತಿದ್ದುವ ಸಂಕೇತವನ್ನು ಬಿಟ್ಟು 2324 ಬೈಟ್ ಸರಕು ತುಂಬಿದ್ದಾರೆ. ಆದ್ದರಿಂದ ಗೀರು ಬಿದ್ದಲ್ಲಿ ಕೂಡಲೇ ಚೌಕಗಳು. ಇದಕ್ಕೆ ಐಎಸ್‌ಒ ಸಾಲದು, 2352 ಬೈಟ್‌ನ ಪೂರ್ತಿ ಸೆಕ್ಟರ್ ಹಿಡಿಯುವ ಬಿನ್-ಕ್ಯೂ ರೂಪದ ಇಮೇಜ್ ಮಾಡಿ.

ಬೂಷ್ಟಿನ ಬಗ್ಗೆ. ಟ್ಯೂಬ್‌ಲೈಟ್ ಕೆಳಗೆ ಡಿಸ್ಕ್ ಓರೆಯಾಗಿ ಹಿಡಿದರೆ ಜೇಡರ ಬಲೆಯ ಎಳೆಯಂತೆ ಕಾಣುತ್ತದೆ, ಅಂಚಿನಿಂದ ಒಳಕ್ಕೆ ಕವಲೊಡೆದಿರುತ್ತದೆ. ಮೇಲ್ಮೈ ಮೇಲಷ್ಟೇ ಇದ್ದರೆ ಹೋಗುತ್ತದೆ: ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರಾವಣ ಒಂದು ಹನಿ, ಹಳೇ ಮೆತ್ತನೆ ಹತ್ತಿ ಬಟ್ಟೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ದುಂಡಗೆ ಬೇಡ. ದುಂಡಗಿನ ಗೀರು ಒಂದೇ ಹಾದಿಯ ಉದ್ದಕ್ಕೂ ಡೇಟಾ ನುಂಗುತ್ತದೆ, ಅಡ್ಡಗೀರನ್ನು ಡ್ರೈವ್ ತಿದ್ದಿಕೊಳ್ಳುತ್ತದೆ. ಥಿನ್ನರ್, ಅಸಿಟೋನ್, ಪೆಟ್ರೋಲ್ ಹತ್ತಿರ ತರಬೇಡಿ, ಪಾಲಿಕಾರ್ಬೊನೇಟ್ ಮಂಜಾಗಿಬಿಡುತ್ತದೆ. ಡಿವಿಡಿಯನ್ನು ನೀರಲ್ಲಿ ನೆನೆಹಾಕಬೇಡಿ: ಅದು 0.6 ಮಿ.ಮೀ.ನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದು, ಡೇಟಾ ನಡುವೆ ಇದೆ, ನೀರು ಅಂಚಿನಿಂದ ಒಳಗಿಳಿದರೆ ಬಿಡುತ್ತದೆ. ವಿಸಿಡಿಯಲ್ಲಿ ಡೇಟಾ ಇರುವುದು ಹೆಸರು ಅಚ್ಚಾದ ಬದಿಯ ತೆಳುಪದರದ ಕೆಳಗೇ, ಆ ಬದಿಯನ್ನು ಉಜ್ಜಲೇಬೇಡಿ. ಅಲ್ಲಿ ಬೆಳ್ಳಿ ಪದರ ಎದ್ದು ಬೆಳಕು ಆಚೆ ತೂರಿ ಕಂಡರೆ ಆ ಭಾಗ ಹೋದಂತೆಯೇ.

ಒಣಗಿಸಲು ಬಿಸಿಲಿಗೆ ಅಥವಾ ಒಲೆಯ ಮೇಲಿನ ಅಟ್ಟಕ್ಕೆ ಇಡಬೇಡಿ. ಬರೆದ ಡಿಸ್ಕ್‌ಗಳ ಬಣ್ಣದ ಪದರ ಬೆಳಕಿಗೂ ಬಿಸಿಗೂ ಮಾಸುತ್ತದೆ.

ತೋಟದಮನೆ (ಪೊನ್ನಂಪೇಟೆ):

ತುಂಬಾ ಉಪಕಾರವಾಯಿತು. ಮಾಡ್ಯುಲೇಟರ್ ಬಿ/ಜಿ ಕಡೆ ಹಾಕಿದ ಮೇಲೆ ಮಹಡಿ ಟಿವಿ ಸರಿಯಾಯಿತು. ನಾಲ್ಕು ಚಿಕ್ಕ ಡಿಸ್ಕ್‌ಗಳೂ ಫೈನಲೈಸ್ ಆಗಿ ಕಂಪ್ಯೂಟರ್‌ನಲ್ಲಿ ತೆರೆದವು. ಕೆಳಗಿನ ಪ್ಲೇಯರ್ 0 ಆಯಿತು, 11ರಲ್ಲಿ 8 ಓಡುತ್ತಿವೆ. ಉಳಿದ ಮೂರರಲ್ಲಿ ಪ್ರಪಂಚದ ಭೂಪಟದ ಚಿತ್ರ ಬಂದು, ಈ ಪ್ಲೇಯರ್‌ನಲ್ಲಿ ಓಡದು ಅನ್ನುವ ಬರಹ ಬರುತ್ತದೆ. 0 ಮಾಡಿದ ಮೇಲೂ ಯಾಕೆ?

ಇನ್ನೊಂದು: ಇಲ್ಲೇ ಕೊಂಡ ಒಂದು ಸಿನಿಮಾ ಡಿಸ್ಕ್‌ನಿಂದ ವಿಒಬಿ (ಚಿತ್ರ, ಧ್ವನಿ ಇರುವ) ಫೈಲ್ ಎಳೆಯಲು ಹೋದರೆ ಓದಲಾಗುತ್ತಿಲ್ಲ ಎಂದಿತು. ವಿಎಲ್‌ಸಿಯಲ್ಲಿ ಒಂದು ನಿಮಿಷ ಓಡಿಸಿ ಮತ್ತೆ ಎಳೆದರೆ ಫೈಲ್ ಬಂತು, ಆದರೆ ಬಂದದ್ದು ಪೂರ್ತಿ ಚೌಕಗಳೇ. ಡಿಸ್ಕ್ ಕೆಟ್ಟಿದೆಯೇ? ಇಂಥ ಡಿಸ್ಕ್ ಪ್ರತಿ ಮಾಡಿಕೊಳ್ಳುವುದು ಕಾನೂನಿನಲ್ಲಿ ಹೇಗೆ? ಬ್ಲೂ-ರೇ ಬಗ್ಗೆ ಯಾರೂ ಹೇಳಲಿಲ್ಲ.

ಸಿಗ್ನಲ್_ಮಡಿಕೇರಿ:

ಆ ಮೂರಕ್ಕೆ ಕಾರಣ ಆರ್‌ಸಿಇ. ಎಲ್ಲ ರೀಜನ್ ಒಪ್ಪುವ ಪ್ಲೇಯರ್‌ಗಳನ್ನು ಹಿಡಿಯಲೆಂದೇ 2000ದ ಸುಮಾರಿಗೆ ಅಮೆರಿಕದ ಕೆಲವು ಡಿಸ್ಕ್‌ಗಳಿಗೆ ಸೇರಿಸಿದ್ದು. ಮಾಮೂಲಿ ಡಿಸ್ಕ್‌ನಲ್ಲಿ ಪ್ಲೇಯರ್ ಡಿಸ್ಕ್‌ನ ಗುರುತು ನೋಡುತ್ತದೆ. ಇವುಗಳಲ್ಲಿ ಡಿಸ್ಕ್‌ನೊಳಗಿನ ಆಜ್ಞೆಯೇ ಪ್ಲೇಯರ್‌ನ ರೀಜನ್ ಎಷ್ಟೆಂದು ಕೇಳುತ್ತದೆ. 1 ಎಂಬ ಉತ್ತರ ಬರದಿದ್ದರೆ ಭೂಪಟ ತೋರಿಸಿ ನಿಲ್ಲುತ್ತದೆ. ಬೆಸುಗೆಯವರು ಹೇಳಿದ 0 ಹೆಚ್ಚಿನ ಡಿಸ್ಕ್‌ಗೆ ಸರಿ, ಇವಕ್ಕೆ ಮಾತ್ರ ಅದೇ ಅಡಗಿದ ಪುಟಕ್ಕೆ ಹೋಗಿ 0 ಬದಲು 1 ಹಾಕಿ. ನೋಡಿ ಮುಗಿದ ಮೇಲೆ 0ಗೆ ತನ್ನಿ. ಟಿವಿಗೆ ಜೋಡಿಸುವ ಪ್ಲೇಯರ್ ಆದ್ದರಿಂದ ಎಣಿಕೆಯ ಭಯ ಇಲ್ಲ.

ವಿಒಬಿ ಕತೆ ಹೀಗೆ: ಡಿಸ್ಕ್ ಕೆಟ್ಟಿಲ್ಲ. ಗೂಢಲಿಪಿಯ ಸೆಕ್ಟರನ್ನು ಡ್ರೈವ್ ಗುರುತಿನ ವಿನಿಮಯ ಆಗುವವರೆಗೆ ಓದಲು ಬಿಡುವುದಿಲ್ಲ, ಬಂದದ್ದು ಓದುವ ದೋಷದಂತೆ ಕಾಣುತ್ತದೆ. ವಿಎಲ್‌ಸಿ ಆ ವಿನಿಮಯ ಮಾಡಿದ್ದರಿಂದ ಡ್ರೈವ್‌ನ ಬಾಗಿಲು ತೆರೆಯಿತು, ವಿಂಡೋಸ್‌ಗೂ ಸೆಕ್ಟರ್ ಸಿಕ್ಕಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಗೂಢಲಿಪಿ ಬಿಡಿಸಿದಂತಾಗಲಿಲ್ಲ, ಫೈಲ್ ಇನ್ನೂ ಕಲಸಿದ ಸ್ಥಿತಿಯಲ್ಲೇ ಇದೆ, ಕೀ ಡಿಸ್ಕ್‌ನಲ್ಲೇ ಉಳಿಯಿತು.

ನಿಜವಾಗಿ ಕೆಟ್ಟ ಡಿಸ್ಕ್ ಗುರುತಿಸುವುದು ಸುಲಭ. ಬೀಗ ಯಾವಾಗಲೂ ಒಂದೇ ಜಾಗದಲ್ಲಿ, ಒಂದೇ ಮಾತಿನಲ್ಲಿ, ಕೂಡಲೇ ಅಡ್ಡ ಬರುತ್ತದೆ. ಕೆಟ್ಟ ಡಿಸ್ಕ್ ಒಂದು ಸಲ 43ನೇ ನಿಮಿಷದಲ್ಲಿ ನಿಲ್ಲುತ್ತದೆ, ಇನ್ನೊಂದು ಸಲ ತಡವರಿಸಿ ದಾಟುತ್ತದೆ, ಡ್ರೈವ್ ವೇಗ ಏರಿಳಿಯುವ ಸದ್ದು ಕೇಳುತ್ತದೆ. ಜಾಹೀರಾತು ದಾಟಿಸಲು ಹೋದಾಗ ಬರುವ ಕೈ ಗುರುತು ಮೂರನೇ ಬಗೆ, ಆ ಭಾಗದಲ್ಲಿ ಗುಂಡಿ ಕೆಲಸ ಮಾಡದಂತೆ ಡಿಸ್ಕ್‌ನಲ್ಲೇ ಬರೆದಿರುತ್ತಾರೆ. ಹಲವು ಪ್ಲೇಯರ್‌ಗಳಲ್ಲಿ ಸ್ಟಾಪ್ ಎರಡು ಸಲ, ಆಮೇಲೆ ಪ್ಲೇ ಒತ್ತಿದರೆ ನೇರ ಸಿನಿಮಾಗೆ ಹೋಗುತ್ತದೆ.

ಬ್ಲೂ-ರೇ: ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಆಗ್ನೇಯ ಏಷ್ಯಾ ಎ. ಯುರೋಪ್, ಆಫ್ರಿಕಾ, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಇಲ್ಲಿ ರೀಜನ್ ನೋಡುವುದು ಡಿಸ್ಕ್‌ನ ಪ್ರೋಗ್ರಾಂ, ಪ್ಲೇಯರ್‌ನ ಒಂದು ನಿಗದಿತ ನೆನಪಿನ ಜಾಗದಲ್ಲಿರುವ ಅಂಕಿ ಓದಿ. ಹಾಗಾಗಿ ಬಿ ಎಂದು ಕವರ್ ಮೇಲಿದ್ದೂ ಎಲ್ಲೆಡೆ ಓಡುವ ಡಿಸ್ಕ್‌ಗಳಿವೆ, ನಿಮ್ಮವೆರಡು ಅಂಥವಲ್ಲ. ಪ್ಲೇಯರ್‌ನ ಡಿವಿಡಿ ರೀಜನ್ ಬೇರೆ, ಬ್ಲೂ-ರೇ ರೀಜನ್ ಬೇರೆ. ಮೊದಲನೆಯದು ಬದಲಾದರೆ ಎರಡನೆಯದು ಬದಲಾಗದು. ಎರಡೇ ಡಿಸ್ಕ್‌ಗಾಗಿ ಮಲ್ಟಿ-ರೀಜನ್ ಪ್ಲೇಯರ್ ಕೊಳ್ಳುವುದು ನನಗೆ ದುಬಾರಿ ಅನ್ನಿಸುತ್ತದೆ. ಆ ಸಿನಿಮಾಗಳು 4ಕೆ ಡಿಸ್ಕ್‌ನಲ್ಲಿ ಸಿಗುತ್ತವೆಯೇ ನೋಡಿ, 4ಕೆ ಡಿಸ್ಕ್‌ಗೆ ರೀಜನ್ ತಡೆಯೇ ಇಲ್ಲ. ಅದಕ್ಕೆ 4ಕೆ ಪ್ಲೇಯರ್ ಬೇಕು ಅನ್ನುವುದು ನೆನಪಿರಲಿ, ಮತ್ತು ಅದೇ ಡಬ್ಬಿಯಲ್ಲಿ ಬರುವ ಮಾಮೂಲಿ ಬ್ಲೂ-ರೇಗೆ ತಡೆ ಇರಬಹುದು. ಲ್ಯಾಪ್‌ಟಾಪ್‌ನಲ್ಲಿ 4ಕೆ ಡಿಸ್ಕ್ ನೋಡುವ ಯೋಚನೆ ಬಿಡಿ: ಅಧಿಕೃತ ಸಾಫ್ಟ್‌ವೇರ್‌ಗೆ ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯ ಬೇಕು, 11ನೇ ಪೀಳಿಗೆಯಿಂದ ಮನೆಬಳಕೆಯ ಪ್ರೊಸೆಸರ್‌ಗಳಲ್ಲಿ ಅದನ್ನು ತೆಗೆದಿದ್ದಾರೆ.

ಬೆಸುಗೆ_ಕುಶಾಲನಗರ:

ಆರ್‌ಸಿಇ ವಿಷಯ ನಾನು ಸೇರಿಸಬೇಕಿತ್ತು, ತಿದ್ದಿದ್ದು ಒಳ್ಳೆಯದಾಯಿತು.

ಬ್ಲೂ-ರೇ ಪ್ಲೇಯರ್ ಕೊಂಡರೆ ಮಹಡಿಯ ಟಿವಿಗೆ ಜೋಡಿಸಲು ಆಗದು. 2013ರ ಕೊನೆಯ ನಂತರ ತಯಾರಾದ ಪ್ಲೇಯರ್‌ಗಳು ರಕ್ಷಿತ ಬ್ಲೂ-ರೇಯ ಚಿತ್ರವನ್ನು ಹಳದಿ ತಂತಿಯಲ್ಲಿ ಕೊಡುವಂತಿಲ್ಲ, ಎಚ್‌ಡಿಎಂಐ ಮಾತ್ರ. ಅದರಲ್ಲೂ ಎಚ್‌ಡಿಸಿಪಿ ಎಂಬ ಕೈಕುಲುಕು, ಅಂದರೆ ಪ್ಲೇಯರ್ ಮತ್ತು ಟಿವಿ ನಡುವೆ ರಕ್ಷಣೆಯ ಪರಿಶೀಲನೆ ಆಗಬೇಕು. ಹಳೇ ಮಾನಿಟರ್, ಪ್ರೊಜೆಕ್ಟರ್ ಅಥವಾ ಅಗ್ಗದ ಸ್ಪ್ಲಿಟರ್ ನಡುವೆ ಇದ್ದರೆ ಸೆಟಪ್ ಮೆನು ಕಾಣುತ್ತದೆ, ಸಿನಿಮಾ ಶುರುವಾದೊಡನೆ ಪರದೆ ಕಪ್ಪು. 4ಕೆ ಆದರೆ ಟಿವಿಯ ಆ ಎಚ್‌ಡಿಎಂಐ ತೂತಿಗೇ ಎಚ್‌ಡಿಸಿಪಿ 2.2 ಇರಬೇಕು. ಕೆಲವು ಟಿವಿಗಳಲ್ಲಿ ಒಂದು ತೂತಿಗೆ ಮಾತ್ರ ಇರುತ್ತದೆ.

ಬ್ಲೂ-ರೇಯ ಕೀಗಳು ಕಾಲಕಾಲಕ್ಕೆ ಬದಲಾಗುತ್ತವೆ. ಹೊಸ ಡಿಸ್ಕ್ ಹಳೇ ಪ್ಲೇಯರ್‌ನಲ್ಲಿ ಲೋಡ್ ಆಗುತ್ತಲೇ ಕೂತರೆ ಫರ್ಮ್‌ವೇರ್ (ಪ್ಲೇಯರ್‌ನೊಳಗಿನ ಸಾಫ್ಟ್‌ವೇರ್) ಹೊಸದು ಬೇಕು. ಪೆನ್‌ಡ್ರೈವ್ ಅನ್ನು ಫ್ಯಾಟ್32 ಮಾಡಿ, ಫೈಲ್ ಹೆಸರು ಬದಲಿಸದೆ ಹಾಕಿ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಯಾವ ನಿಮಿಷ ಹೋಗುತ್ತದೋ ಹೇಳಲಾಗದು, ಆದ್ದರಿಂದ ಪ್ಲೇಯರನ್ನು ಯುಪಿಎಸ್‌ಗೆ ಜೋಡಿಸದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅರ್ಧದಲ್ಲಿ ನಿಂತರೆ ಪ್ಲೇಯರ್ ಮತ್ತೆ ಏಳದಿರಬಹುದು.

ಕಾನೂನುಕಟ್ಟೆ:

ಕಾನೂನಿನ ಪ್ರಶ್ನೆಗೆ. ಕೃತಿಸ್ವಾಮ್ಯ ಕಾಯ್ದೆ 1957ಕ್ಕೆ 2012ರ ತಿದ್ದುಪಡಿಯಲ್ಲಿ 65ಎ ಸೇರಿತು. ರಕ್ಷಣೆಯ ತಾಂತ್ರಿಕ ಕ್ರಮವನ್ನು ಮುರಿಯುವುದಕ್ಕೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಆದರೆ ಆ ಸೆಕ್ಷನ್‌ನ ಮಾತನ್ನು ಪೂರ್ತಿ ಓದಬೇಕು: ಕಾಯ್ದೆ ಕೊಟ್ಟ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದಾಗ ಅದು ಅಪರಾಧ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮಾಡಿದ್ದಕ್ಕೆ ಅದೇ ಸೆಕ್ಷನ್‌ನ ಎರಡನೇ ಭಾಗ ವಿನಾಯಿತಿ ಕೊಡುತ್ತದೆ. ದುಡ್ಡು ಕೊಟ್ಟು ಕೊಂಡ ಡಿಸ್ಕ್ ಅನ್ನು ಮನೆಯಲ್ಲಿ ಕೂತು ನೋಡುವುದರಲ್ಲಿ ಉಲ್ಲಂಘನೆಯ ಉದ್ದೇಶವಿಲ್ಲ. 52(1)(ಎ) ಖಾಸಗಿ ಬಳಕೆಯ ನ್ಯಾಯಯುತ ವ್ಯವಹಾರಕ್ಕೆ ಜಾಗ ಕೊಡುತ್ತದೆ, ಆದರೆ ಪ್ರತಿ ಮಾಡಿ ನೆಂಟರಿಷ್ಟರಿಗೆಲ್ಲ ಪೆನ್‌ಡ್ರೈವ್‌ನಲ್ಲಿ ಹಂಚಲು ಅದು ಪರವಾನಗಿಯಲ್ಲ. ಹೊರದೇಶದ ಡಿಸ್ಕ್ ತರಿಸುವ ಬಗ್ಗೆ: ತರಿಸುವವರ ಸ್ವಂತ, ಮನೆಬಳಕೆಗೆ ಒಂದು ಪ್ರತಿಯನ್ನು 51ನೇ ಸೆಕ್ಷನ್ ಬಿಟ್ಟುಕೊಟ್ಟಿದೆ.

ಮದುವೆ ವಿಡಿಯೊದಲ್ಲಿ ನಿಮ್ಮ ಸ್ಥಾನ ಗಟ್ಟಿ. ಹಣ ಕೊಟ್ಟು ಒಬ್ಬರ ಬೇಡಿಕೆಯ ಮೇರೆಗೆ ತೆಗೆದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು, 17(ಬಿ). ಸ್ಟುಡಿಯೊದವರನ್ನು ಕೇಳದೆಯೇ ಪ್ರತಿ ಮಾಡಿಸಬಹುದು. ಹಿನ್ನೆಲೆಗೆ ಹಾಕಿದ ಸಿನಿಮಾ ಹಾಡಿನ ಹಕ್ಕು ಮಾತ್ರ ಅದರವರದ್ದೇ, ಅಂತರ್ಜಾಲಕ್ಕೆ ಏರಿಸುವಾಗ ತೊಡಕು ಬರುವುದು ಅಲ್ಲಿ.

ಕರಿಮೆಣಸು:

ಪ್ರತಿ ಮಾಡಿದ ಮೇಲೂ ಮೂಲ ಡಿಸ್ಕ್ ಬಿಸಾಡಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು, ಅದರೊಳಗೆ ಗಟ್ಟಿ ಕೇಸ್‌ನಲ್ಲಿ ಡಿಸ್ಕ್‌ಗಳನ್ನು ನೆಟ್ಟಗೆ ನಿಲ್ಲಿಸಿ. ಕಾಗದದ ಲಕೋಟೆ ತೇವ ಹೀರಿ ಹಿಡಿದುಕೊಳ್ಳುತ್ತದೆ, ಮೆತ್ತನೆಯ ಪಿವಿಸಿ ಚೀಲ ಡಿಸ್ಕ್‌ಗೆ ಅಂಟಿಕೊಳ್ಳುತ್ತದೆ, ಎರಡೂ ಬೇಡ. ಬಣ್ಣ ಬದಲಿಸುವ ಕಿತ್ತಳೆ ಸಿಲಿಕಾ ಜೆಲ್ ಒಂದು ಹಿಡಿ ಬಟ್ಟೆ ಗಂಟಿನಲ್ಲಿ ಹಾಕಿ. ಹಸಿರಾದರೆ 120 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಬಣ್ಣ ನೋಡಿ. ಡಬ್ಬಿ ಮುಚ್ಚುವ ದಿನ ಮುಖ್ಯ: ಮಂಜು ಕವಿದ ಬೆಳಗ್ಗೆ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ, ಬಿಸಿಲು ಬಿದ್ದ ಮಧ್ಯಾಹ್ನ ಮುಚ್ಚಿ.

ಮಳೆಗಾಲ ಪೂರ್ತಿ ಆಫ್ ಇದ್ದ ಪ್ಲೇಯರ್‌ಗೆ ತಂದ ಕೂಡಲೇ ಡಿಸ್ಕ್ ಹಾಕಬೇಡಿ. ಅರ್ಧ ಗಂಟೆ ಖಾಲಿ ಆನ್ ಇಟ್ಟರೆ ಲೆನ್ಸ್ ಮೇಲಿನ ಮಂಜು ಆರುತ್ತದೆ. ಆಮೇಲೂ ‘ನೋ ಡಿಸ್ಕ್’ ಎಂದರೆ ಮಾತ್ರ ಲೆನ್ಸ್ ಒರೆಸುವ ಯೋಚನೆ ಮಾಡಿ, ಅದೂ ಒಣ ಹತ್ತಿಕಡ್ಡಿಯಲ್ಲಿ, ಒತ್ತದೆ. ಲೆನ್ಸ್ ಕೂದಲಿನಷ್ಟು ತೆಳ್ಳಗಿನ ತಂತಿಗಳ ಮೇಲೆ ತೂಗುತ್ತಿರುತ್ತದೆ.